ದಾಸವಾಳದ ಪುಟ

ಹೂವಿನ ಚಿತ್ರ ಬರೆದರೆ ಮನಸ್ಸಿಗೆ ಶಾಂತಿ ಸಿಗುತ್ತದೆ ಎಂದು ನನಗೆ ಹೇಳಿದವರನ್ನೆಲ್ಲ ಒಂದು ದಿನ ಸಾಲಾಗಿ ಬೆಂಚಿನ ಮೇಲೆ ನಿಲ್ಲಿಸಬೇಕು. ಹೈಸ್ಕೂಲಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಜೀವಶಾಸ್ತ್ರ ಪಾಠ ಮಾಡಿದವಳು ನಾನು. ಬೆಂಚಿನ ಮೇಲೆ ನಿಲ್ಲಿಸುವುದು ನನಗೇನೂ ಹೊಸದಲ್ಲ. ನಿವೃತ್ತಿಯಾಗಿ ಮೂರು ತಿಂಗಳಾಗುವಷ್ಟರಲ್ಲಿ ಬಿಪಿ ಏರಿತು. ಉಪ್ಪು ಕಡಿಮೆ ಮಾಡಿ, ಏನಾದರೂ ಹವ್ಯಾಸ ಇಟ್ಟುಕೊಳ್ಳಿ ಎಂದು ಡಾಕ್ಟರು ಹೇಳಿದರು. ನಮ್ಮ ಮನೆಯವರು ಮನಸ್ಸು ಬದಲಾಗಲಿ ಎಂದು ಒಂದು ಭಾನುವಾರ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮಕ್ಕೆ ಕರೆದುಕೊಂಡು ಹೋದರು. ಅಲ್ಲಿ ಒಂದು ಹುಲಿ ಬೇಲಿಯ ಗುಂಟ ಆ ತುದಿಯಿಂದ ಈ ತುದಿಗೆ ತಿರುಗುತ್ತಲೇ ಇತ್ತು. "ನೋಡು ಮಾರಾಯ್ತಿ, ಥೇಟ್ ನಿನ್ನ ಹಾಗೇ" ಎಂದರು. ನನಗೆ ನಗು ಬರಲಿಲ್ಲ.

ಮುಂದಿನ ಶನಿವಾರ ಚಿತ್ರದ ಕ್ಲಾಸಿಗೆ ಸೇರಿದೆ. ಶಿವಮೊಗ್ಗದ ರವೀಂದ್ರನಗರದಲ್ಲಿ ನಮ್ಮ ಮನೆಯಿಂದ ಮೂರು ಬೀದಿ ಆಚೆ, ಒಂದು ಟೈಲರ್ ಅಂಗಡಿಯ ಮೇಲಿನ ಮಹಡಿ. ನಾವು ಏಳು ಜನ ಕಲಿಯುವವರು, ಎಲ್ಲರೂ ತಲೆ ನರೆತವರೇ. ಕಲಿಸುವವಳಿಗೆ ಮಾತ್ರ ಮೂವತ್ತು ದಾಟಿರಲಿಲ್ಲ. ಬ್ರಷ್ಷನ್ನೇ ತುರುಬಿಗೆ ಸಿಕ್ಕಿಸಿಕೊಂಡು ಓಡಾಡುವ, ಯಾರ ಚಿತ್ರವನ್ನೂ ಸುಮ್ಮಸುಮ್ಮನೆ ಹೊಗಳದ ಹುಡುಗಿ. ನನ್ನ ಹಳೆಯ ವಿದ್ಯಾರ್ಥಿನಿಯರಲ್ಲಿ ಇಂಥವಳೊಬ್ಬಳಿದ್ದಿದ್ದರೆ ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ.

ಮೊದಲ ದಿನ ನಂದಿಬಟ್ಟಲು. ಬಿಳಿ ಹೂವಲ್ಲವೇ, ನಾನು ಬಣ್ಣದ ಡಬ್ಬಿಯಲ್ಲಿ ಬಿಳಿಯ ಟ್ಯೂಬ್ ಹುಡುಕುತ್ತಿದ್ದೆ.

"ಬಿಳಿ ಇಟ್ಟಿಲ್ಲ ಮೇಡಂ" ಎಂದಳು. "ಬಿಳಿ ನಿಮ್ಮ ಪೇಪರಲ್ಲೇ ಇದೆ. ನೀವು ಸುತ್ತ ಇರೋ ಎಲೆ ಬರೀರಿ. ಹೂವನ್ನ ಮುಟ್ಟಬೇಡಿ."

ಇದೆಂಥ ತಲೆಹರಟೆ ಎಂದುಕೊಂಡು ಎಲೆಯ ಕಪ್ಪುಹಸಿರನ್ನು ಹಚ್ಚುತ್ತ ಹೋದೆ. ಎಸಳಿನ ಅಂಚಿನ ತನಕ ಬಣ್ಣ ತಂದು ನಿಲ್ಲಿಸಬೇಕು, ಒಂದು ಕೂದಲೆಳೆ ದಾಟಿದರೂ ಹೂ ಹಾಳು. ಅರ್ಧ ಗಂಟೆಯ ನಂತರ ತಲೆ ಎತ್ತಿ ನೋಡಿದರೆ, ನಾನು ಮುಟ್ಟದೇ ಬಿಟ್ಟಿದ್ದ ಜಾಗ ಹೂವಾಗಿ ನಿಂತಿತ್ತು. ನಾನು ಬರೆಯದ ಹೂವು, ನನ್ನ ಪೇಪರಿನಲ್ಲಿ. ಸಂತೋಷಕ್ಕೆ ಕುರ್ಚಿಯಿಂದ ಎದ್ದೇಬಿಟ್ಟೆ. ಪಕ್ಕದವರ ನೀರಿನ ಲೋಟ ಉರುಳಿತು. ಅವತ್ತೇ ನನಗೆ ಇದರ ಹುಚ್ಚು ಹಿಡಿದದ್ದು.

ಹುಚ್ಚು ಎಂಬ ಮಾತನ್ನು ಸುಮ್ಮನೆ ಹೇಳುತ್ತಿಲ್ಲ. ಅಡುಗೆಮನೆಯಲ್ಲಿ ಟೊಮೆಟೊ ಹೆಚ್ಚುವಾಗ ಅದರ ಕೆಂಪಿನಲ್ಲಿ ಎಷ್ಟು ಹಳದಿ ಇದೆ ಎಂದು ನೋಡುತ್ತ ನಿಲ್ಲುತ್ತಿದ್ದೆ. ಗಾಂಧಿ ಬಜಾರಿನಲ್ಲಿ ಹೂ ಕಟ್ಟುವವರ ಬುಟ್ಟಿಯ ಮುಂದೆ ನಿಂತು, ಕನಕಾಂಬರದ ಬಣ್ಣ ನೆರಳಿನಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗುವುದನ್ನು ನೋಡಿ ಬರುತ್ತಿದ್ದೆ. ಶಾಂತಿ ಎಲ್ಲಿಂದ ಬರಬೇಕು? ಹೂವಿನಷ್ಟು ಅವಸರದ ವಸ್ತು ಈ ಲೋಕದಲ್ಲಿ ಇನ್ನೊಂದಿಲ್ಲ. ಬೆಟ್ಟ ಬರೆಯುವವನು ಊಟ ಮುಗಿಸಿ ಬಂದು ಮುಂದುವರಿಸಬಹುದು. ದಾಸವಾಳ ಹಾಗಲ್ಲ. ಬೆಳಗ್ಗೆ ಒಂಬತ್ತಕ್ಕೆ ಪೂರ್ತಿ ಬಿರಿದಿದ್ದು, ನೀವು ಒಂದು ಎಸಳಿನ ನರ ಬರೆದು ಮುಗಿಸುವಷ್ಟರಲ್ಲಿ ಬೆಳಕು ಸರಿದು ಇನ್ನೊಂದು ಎಸಳು ಬೇರೆಯೇ ಕೆಂಪಾಗಿರುತ್ತದೆ. ಸಂಜೆಗೆ ಸುತ್ತಿಕೊಂಡು ಮುದುಡುತ್ತದೆ. ನಾಳೆ ಅರಳುವುದು ಬೇರೆ ಹೂವು, ಅದರ ಮುಖವೇ ಬೇರೆ.

ಅದರ ಮೇಲೆ ನಮ್ಮ ಬಡಾವಣೆಯ ವಾಕಿಂಗ್‌ನವರ ಕಾಟ. ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರು, ಇನ್ನೊಂದು ಕೈಯಲ್ಲಿ ಕೊಕ್ಕೆ ಕಟ್ಟಿದ ಕೋಲು. ಕಂಡವರ ಕಾಂಪೌಂಡಿನಿಂದ ಆಚೆ ಚಾಚಿದ ಕೊಂಬೆಯೆಲ್ಲ ದೇವರದ್ದೇ ಎಂದು ಅವರ ಲೆಕ್ಕ. ಮೊದಲು ನಾನೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಈಗ ಆರು ಗಂಟೆಗೇ ಗೇಟಿನ ಬಳಿ ಕಾವಲು ನಿಲ್ಲತೊಡಗಿದೆ. "ಪೂಜೆಗೆ ಕಣಮ್ಮ" ಎಂದು ಒಬ್ಬ ಹಿರಿಯರು ಕೋಲು ಚಾಚಿದರೆ, "ನಿಮ್ಮನೇ ಹೂವಲ್ಲೇ ಮಾಡಿ ಸ್ವಾಮಿ, ದೇವರು ಬೇಡ ಅನ್ನಲ್ಲ" ಎಂದುಬಿಟ್ಟೆ. ಬೀದಿಯಲ್ಲಿ ನನ್ನ ಹೆಸರು ಕೆಟ್ಟಿತು. ಹೂ ಉಳಿಯಿತು.

ಇಷ್ಟೆಲ್ಲ ಮಾಡಿಯೂ ನನ್ನ ದಾಸವಾಳ ಸರಿ ಬರಲಿಲ್ಲ. ಒಂದಲ್ಲ ಎರಡಲ್ಲ, ಹನ್ನೊಂದು ಹಾಳೆ ಹಾಳು ಮಾಡಿದೆ. ಹನ್ನೊಂದನೆಯದನ್ನು ಕಲಿಸುವ ಹುಡುಗಿ ಬಹಳ ಹೊತ್ತು ನೋಡಿದಳು. ಎದುರಿಗೆ ಬಾಟಲಿಯಲ್ಲಿ ನಾನೇ ತಂದಿಟ್ಟಿದ್ದ ಹೂವನ್ನೂ ನೋಡಿದಳು.

"ಮೇಡಂ, ಬೇಜಾರು ಮಾಡ್ಕೋಬೇಡಿ. ನೀವು ಈ ಹೂವನ್ನ ನೋಡ್ತಾ ಇಲ್ಲ. ಈ ಹೂ ಎಡಗಡೆ ತಿರುಗಿದೆ, ನಿಮ್ಮದು ನೆಟ್ಟಗೆ ಎದುರಿಗಿದೆ. ಯಾವುದೋ ಬೇರೆ ಚಿತ್ರ ನೆನಪಿಟ್ಕೊಂಡು ಬರೀತಿದ್ದೀರಿ."

ನನ್ನ ಮುಖ ಕೆಂಪಾಗಿರಬೇಕು. ಅವಳು ಹೇಳಿದ್ದು ಅಕ್ಷರಶಃ ನಿಜ. ನನ್ನ ಕೈ ಪ್ರತಿ ಸಲವೂ ಬರೆಯಲು ಹೋಗುತ್ತಿದ್ದದ್ದು ಒಂದೇ ದಾಸವಾಳವನ್ನು. ಅದು ನನ್ನ ಬಿ.ಎಸ್ಸಿ. ರೆಕಾರ್ಡ್ ಪುಸ್ತಕದಲ್ಲಿತ್ತು. ಅದನ್ನು ಬರೆದವಳು ನನ್ನ ಅಕ್ಕ.

ನಾವು ಬೆಳೆದದ್ದು ಭದ್ರಾವತಿಯ ಹಳೇ ಊರಿನಲ್ಲಿ. ಅಪ್ಪನದು ಬಟ್ಟೆ ಅಂಗಡಿ. ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ನಾನು ಡಿಗ್ರಿಗೆಂದು ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಬರುತ್ತಿದ್ದೆ. ಬಾಟನಿಯ ರೆಕಾರ್ಡ್ ಅಂದರೆ ಒಂದು ಬದಿ ಗೆರೆ ಎಳೆದ ಹಾಳೆ, ಇನ್ನೊಂದು ಬದಿ ಖಾಲಿ ಹಾಳೆ ಇರುವ ದಪ್ಪ ಪುಸ್ತಕ. ಗೆರೆಯ ಹಾಳೆಯಲ್ಲಿ ಗಿಡದ ವಿವರ, ಖಾಲಿ ಹಾಳೆಯಲ್ಲಿ ಅದರ ಚಿತ್ರ. ನನಗೆ ವಿವರ ಬರುತ್ತಿತ್ತು, ಚಿತ್ರ ಬರುತ್ತಿರಲಿಲ್ಲ. ನಾನು ಬರೆದ ತುಂಬೆ ಹೂವನ್ನು ನೋಡಿ ಲೆಕ್ಚರರು "ಇದೇನಮ್ಮ ಚಪ್ಪಲಿ?" ಎಂದಿದ್ದರು. ಚಿತ್ರ ಬಾರದವರ ರೆಕಾರ್ಡನ್ನು ಅಣ್ಣನೋ ಅಕ್ಕನೋ ಪಕ್ಕದ ಮನೆಯವರೋ ಬರೆದುಕೊಡುವುದು ಆಗ ಎಲ್ಲರ ಮನೆಯಲ್ಲೂ ಇತ್ತು. ಅದನ್ನು ಯಾರೂ ಮೋಸ ಎಂದು ಕರೆಯುತ್ತಿರಲಿಲ್ಲ. ಮದುವೆ ಮನೆಯಲ್ಲಿ ಒಬ್ಬರು ಹೋಳಿಗೆ ತಟ್ಟಿದರೆ ಇನ್ನೊಬ್ಬರು ಬೇಯಿಸುವ ಹಾಗೆ, ಅದೂ ಒಂದು ಕೈಯಾಸರೆ ಅಷ್ಟೇ.

ಅಕ್ಕ ಮೂರು ವರ್ಷ ನನ್ನ ರೆಕಾರ್ಡು ಬರೆದಳು. ಮಧ್ಯಾಹ್ನ ಪಾತ್ರೆ ತೊಳೆದು ಕೈ ಒರೆಸಿಕೊಂಡು, ಹಿತ್ತಿಲ ಬಾಗಿಲ ಬಳಿ ಬೆಳಕಿಗೆ ಕೂರುತ್ತಿದ್ದಳು. ಪೆನ್ಸಿಲನ್ನು ಬ್ಲೇಡಿನಿಂದ ಸೂಜಿಯಷ್ಟು ಚೂಪು ಮಾಡಿಕೊಳ್ಳುತ್ತಿದ್ದಳು. ಹೂವನ್ನು ಮೊದಲು ಕೈಗೆ ತೆಗೆದುಕೊಳ್ಳುತ್ತಲೇ ಇರಲಿಲ್ಲ. ಸುಮ್ಮನೆ ನೋಡುತ್ತ ಕೂರುತ್ತಿದ್ದಳು, ನನಗೆ ತಲೆ ಕೆಡುವಷ್ಟು ಹೊತ್ತು. "ಬೇಗ ಬರೀ ಅಕ್ಕ, ನಾಳೆ ಸಬ್‌ಮಿಟ್ ಮಾಡ್ಬೇಕು" ಎಂದು ನಾನು ಅವಳ ಸುತ್ತ ತಿರುಗುತ್ತಿದ್ದೆ. ನನ್ನ ಹೆಸರಿನ ರೆಕಾರ್ಡಿಗೆ ಪ್ರಾಕ್ಟಿಕಲ್ಲಿನಲ್ಲಿ ಪೂರ್ತಿ ಅಂಕ ಬರುತ್ತಿತ್ತು.

ನನ್ನ ಕೊನೆಯ ವರ್ಷದಲ್ಲಿ ಅಕ್ಕ ದಾವಣಗೆರೆಯಿಂದ ಚಿತ್ರಕಲೆ ಕಾಲೇಜಿನ ಅರ್ಜಿ ತರಿಸಿಕೊಂಡಳು. ಅದನ್ನು ಅಪ್ಪನಿಗೆ ತೋರಿಸುವ ಧೈರ್ಯ ಸಾಲದೆ ಅಮ್ಮನ ಕೈಲಿ ಕೊಡಿಸಿದಳು. ನಮ್ಮಪ್ಪ ಕೆಟ್ಟವರಲ್ಲ. ಬೇಡ ಎಂದು ಕೂಗಾಡಲಿಲ್ಲ, ಎರಡು ದಿನ ಯೋಚಿಸಿದರು. ಮೂರನೇ ದಿನ ಸಂಜೆ ಅಂಗಡಿಯಿಂದ ಬಂದವರು ಜಗಲಿಯಲ್ಲಿ ನನ್ನನ್ನು ಕೂರಿಸಿಕೊಂಡು ಕೇಳಿದರು.

"ನಿನ್ನ ಹತ್ರ ಎಲ್ಲಾ ಹೇಳ್ತಾಳಲ್ಲ, ನಿಜ ಹೇಳು. ಅವಳಿಗೆ ಚಿತ್ರ ಕಲೀಬೇಕು ಅಂತ ಅಷ್ಟು ಆಸೆ ಇದೆಯಾ?"

ನನ್ನ ರೆಕಾರ್ಡಿನಲ್ಲಿ ಇನ್ನೂ ಹದಿನಾಲ್ಕು ಚಿತ್ರ ಬಾಕಿ ಇತ್ತು. ಅದೊಂದೇ ನನ್ನ ತಲೆಯಲ್ಲಿದ್ದದ್ದು. ಅವಳು ದಾವಣಗೆರೆಗೆ ಹೋದರೆ ಬರೆದುಕೊಡುವವರು ಯಾರು?

"ಅಷ್ಟೇನಿಲ್ಲ ಅಪ್ಪ" ಎಂದೆ. "ಸುಮ್ನೆ ಹೊತ್ತು ಹೋಗ್ಲಿ ಅಂತ ಬರೀತಾಳೆ."

ಅಪ್ಪ ಹೂಂಗುಟ್ಟಿ ಒಳಗೆ ಹೋದರು. ಅರ್ಜಿಯ ಮಾತು ಅಲ್ಲಿಗೆ ಮುಗಿಯಿತು. ಅಕ್ಕ ನನ್ನ ಹದಿನಾಲ್ಕು ಚಿತ್ರವನ್ನೂ ಬರೆದುಕೊಟ್ಟಳು, ಕೊನೆಯದು ದಾಸವಾಳ. ಮರುವರ್ಷ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ ಭಾವನನ್ನು ಮದುವೆಯಾಗಿ ಅದೇ ಊರಿನ ನ್ಯೂ ಟೌನಿನ ಕ್ವಾರ್ಟರ್ಸಿಗೆ ಹೋದಳು. ಆಮೇಲೆ ಅವಳು ಪೆನ್ಸಿಲ್ ಹಿಡಿದದ್ದನ್ನು ನಾನು ನೋಡಿಲ್ಲ. ಬಾಗಿಲಿಗೆ ರಂಗೋಲಿಯೆಂದು ಎರಡು ಗೆರೆ, ನಾಲ್ಕು ಚುಕ್ಕಿ. ಪಕ್ಕದ ಮನೆಯ ತಮಿಳಿನವರು ಅಂಗಳ ತುಂಬ ತಮ್ಮ ಕೋಲಂ ರಂಗೋಲಿ ಹಾಕುತ್ತ, ಪಾಪ ಈಯಮ್ಮನಿಗೆ ಬರುವುದಿಲ್ಲ ಎಂದುಕೊಂಡಿದ್ದರಂತೆ. ಅದನ್ನು ಅಕ್ಕನೇ ನನಗೆ ನಗುತ್ತ ಹೇಳಿದ್ದಳು. ಆ ನಗು ನೆನಪಾದಾಗಲೆಲ್ಲ ನಾನು ಕೂತಲ್ಲಿಂದ ಎದ್ದು ಓಡಾಡಬೇಕು. ಹಾಗೆ ಓಡಾಡುತ್ತಲೇ ಮದುವೆಯಾದೆ, ಮಕ್ಕಳನ್ನು ಬೆಳೆಸಿದೆ, ನಿವೃತ್ತಳಾದೆ.

ಕ್ಲಾಸಿನಿಂದ ಬಂದವಳೇ ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ರೆಕಾರ್ಡು ಸಿಕ್ಕಿತು. ಹೊಲಿಗೆ ಬಿಟ್ಟು ಹಾಳೆಗಳೆಲ್ಲ ಬಿಡಿಬಿಡಿಯಾಗಿದ್ದವು. ದಾಸವಾಳ ಮಾತ್ರ ನನ್ನ ನೆನಪಿನಲ್ಲಿದ್ದದ್ದಕ್ಕಿಂತ ಚೆನ್ನಾಗಿತ್ತು. ಬರೀ ಪೆನ್ಸಿಲ್, ಎಸಳಿನ ಮೇಲೆ ಬಣ್ಣದ ಪೆನ್ಸಿಲನ್ನು ಉಜ್ಜಿದ ತೆಳು ಕೆಂಪು. ಎಸಳಿನ ಸುಕ್ಕು, ನಡುವಿನ ಕೇಸರದ ಕೋಲಿನ ನೆರಳು, ಒಂದು ಎಲೆಯನ್ನು ಹುಳು ತಿಂದ ತೂತು. ಮೂಲೆಯಲ್ಲಿ ಲೆಕ್ಚರರ ಕೆಂಪು ಟಿಕ್ ಮತ್ತು ಸಹಿ. ಮೇಲ್ಗಡೆ ನನ್ನ ಹೆಸರು.

ಅದನ್ನು ಕ್ಲಾಸಿಗೆ ಯಾಕೆ ತೆಗೆದುಕೊಂಡು ಹೋದೆ ಎಂದು ಎಷ್ಟು ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ನನ್ನ ನೆನಪಿನ ಚಿತ್ರ ಇದು ಎಂದು ತೋರಿಸಲಿಕ್ಕೆ ಎಂಬುದು ಅರ್ಧ ನಿಜ. ಉಳಿದರ್ಧ, ನಿನ್ನಂಥ ಹುಡುಗಿ ನನಗೆ ನೋಡುವುದನ್ನು ಕಲಿಸುತ್ತೀಯಾ ಎಂಬ ಹಮ್ಮು. ಅವಳು ಹಾಳೆಯನ್ನು ಕಿಟಕಿಯ ಬಳಿಗೆ ಒಯ್ದು ಹಿಡಿದಳು. ತುರುಬಿನ ಬ್ರಷ್ಷು ತೆಗೆದು ಟೇಬಲ್ಲಿನ ಮೇಲಿಟ್ಟಳು.

"ಮೇಡಂ, ಇದನ್ನ ಬರೆದಾಗ ನಿಮಗೆಷ್ಟು ವಯಸ್ಸು?"

ನಾನು ಬಾಯಿ ತೆರೆದೆ. ಆಗ ಹೇಳಬಹುದಿತ್ತು. "ಇಪ್ಪತ್ತು" ಎಂದೆ. ಇಪ್ಪತ್ತು ಎಂಬುದು ನನ್ನ ವಯಸ್ಸೇ, ಅದರಲ್ಲಿ ಸುಳ್ಳಿರಲಿಲ್ಲ. ಉಳಿದ ಆರು ಜನ ಎದ್ದು ಬಂದು ಸುತ್ತ ನಿಂತರು. ಆಷಾಢದಲ್ಲಿ ಮದುವೆಗಳಿಲ್ಲದೆ ಖಾಲಿ ಬೀಳುವ ಒಂದು ಕಲ್ಯಾಣಮಂಟಪದ ಊಟದ ಹಾಲಿನಲ್ಲಿ ಎರಡು ದಿನ ನಮ್ಮೆಲ್ಲರ ಚಿತ್ರಗಳ ಪ್ರದರ್ಶನ ಇಡುವುದು ಮೊದಲೇ ಗೊತ್ತಾಗಿತ್ತು. "ಇದು ಬಾಗಿಲಿಗೆ ಎದುರಾಗಿ ಇರ್ಬೇಕು" ಎಂದಳು ಅವಳು. "ಆ ಕೆಂಪು ಟಿಕ್ ಸಮೇತ ಫ್ರೇಮ್ ಹಾಕಿಸ್ತೀನಿ." ಬೇಡ ಎಂದು ಬಾಯಿಮಾತಿಗೆ ಎಂದೆ. ನಾಚಿಕೆ ಪಟ್ಟುಕೊಳ್ಳುತ್ತಿದ್ದೇನೆ ಎಂದುಕೊಂಡರು.

ಆಮೇಲಿನ ಹತ್ತು ದಿನ ನಾನು ಎಲ್ಲೂ ನಿಲ್ಲಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಹೊರಗೆ ಹೋಗುತ್ತಿದ್ದೆ, ಬಟ್ಟೆ ಒಣಹಾಕಲು ಹೋದವಳು ಬಕೆಟ್ಟನ್ನು ಅಲ್ಲೇ ಬಿಟ್ಟು ಒಳಗೆ ಬರುತ್ತಿದ್ದೆ. "ಕಾಲಿಗೆ ಚಕ್ರ ಕಟ್ಕೊಂಡಿದ್ದೀಯ, ಒಂದು ಕಡೆ ಕೂತ್ಕೋ ಮಾರಾಯ್ತಿ" ಎಂದು ಮನೆಯವರು ಗೊಣಗಿದರು. ಪ್ರದರ್ಶನದ ಸುದ್ದಿ ಫೋನಿನಲ್ಲಿ ಊರೆಲ್ಲ ಓಡಾಡತೊಡಗಿತ್ತು. ನೆಂಟರ ಗುಂಪಿನಲ್ಲೂ ಯಾರಾದರೂ ಹಾಕುತ್ತಾರೆ, ಅಕ್ಕನೂ ನೋಡುತ್ತಾಳೆ. ಅವಳಾಗಿ ನೋಡುವ ಮೊದಲು ನಾನೇ ಹೇಳಬೇಕು. ಹೇಳುವುದಾದರೆ ಚಿತ್ರದ್ದೊಂದೇ ಹೇಳಿದರೆ ಸಾಲದು, ಜಗಲಿಯ ಮಾತನ್ನೂ ಹೇಳಬೇಕು. ಹೇಳಿದ ಮೇಲೆ ನನಗೆ ಅಕ್ಕ ಇರುತ್ತಾಳೋ ಇಲ್ಲವೋ.

ಒಂದು ಸಲ ಬಸ್ಸು ಹತ್ತಿ ಹೋದೆ. ಭಾವನ ಮಂಡಿನೋವು, ಅಡಿಕೆಯ ರೇಟು, ನಮ್ಮ ಸೋದರತ್ತೆಯ ಮೊಮ್ಮಗಳ ನಿಶ್ಚಿತಾರ್ಥ, ಎಲ್ಲ ಮಾತಾಡಿದೆ. ಎರಡು ಸಲ ಕಾಫಿ ಕುಡಿದೆ. ಹೇಳದೇ ವಾಪಸ್ಸು ಬಂದೆ. ಬಸ್ಸಿನಲ್ಲಿ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

ಪ್ರದರ್ಶನಕ್ಕೆ ಒಂದು ದಿನ ಇರುವಾಗ ಮತ್ತೆ ಹೋದೆ. ನ್ಯೂ ಟೌನಿನ ಆ ರಸ್ತೆಯಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನವು. ನಾನು ಈಗಲೂ ಅಕ್ಕನ ಮನೆಯನ್ನು ಎರಡು ಗೆರೆಯ ರಂಗೋಲಿಯಿಂದಲೇ ಗುರುತು ಹಿಡಿಯುವುದು. ಅಕ್ಕ ಹಿಂದಿನ ಕಟ್ಟೆಯ ಮೇಲೆ ಹಲಸಿನಹಣ್ಣು ಬಿಡಿಸುತ್ತ ಕೂತಿದ್ದಳು. ಕೈಗೆ ಎಣ್ಣೆ ಸವರಿಕೊಂಡಿದ್ದರೂ ಬೆರಳೆಲ್ಲ ಅಂಟು. ಭಾವ ಮನೆಯಲ್ಲಿರಲಿಲ್ಲ.

"ಏನೇ, ಮೊನ್ನೆ ತಾನೇ ಬಂದಿದ್ದೆ?"

"ಸುಮ್ನೆ ಬಂದೆ."

"ನೀನು ಸುಮ್ನೆ ಬರೋಳಲ್ಲ. ಕೂತ್ಕೋ, ಹಣ್ಣು ತಿನ್ನು."

ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಚಿತ್ರದ ಕ್ಲಾಸು, ದಾಸವಾಳ, ಫ್ರೇಮು, ಅದರ ಕೆಳಗೆ ನನ್ನ ಹೆಸರಿನ ಚೀಟಿ. ಅವಳು ತೊಳೆಯಿಂದ ಬೀಜ ತೆಗೆಯುತ್ತಲೇ ಇದ್ದಳು.

"ಇನ್ನೊಂದಿದೆ ಅಕ್ಕ. ಆವತ್ತು ಅಪ್ಪ ಜಗಲೀಲಿ ನನ್ನ ಕೇಳಿದ್ರು. ನಿನ್ನ ಅರ್ಜಿ ವಿಷಯ. ಆಗ ನಾನು..."

"ಅಷ್ಟೇನಿಲ್ಲ ಅಪ್ಪ, ಸುಮ್ನೆ ಹೊತ್ತು ಹೋಗ್ಲಿ ಅಂತ ಬರೀತಾಳೆ" ಎಂದಳು ಅಕ್ಕ.

ನನ್ನದೇ ಮಾತು, ನನ್ನದೇ ರಾಗ. ಇಪ್ಪತ್ತು ವರ್ಷದವಳ ದನಿಯನ್ನು ಅವಳು ಇಷ್ಟು ವರ್ಷ ಹಾಗೆಯೇ ಇಟ್ಟುಕೊಂಡಿದ್ದಳು. ನಾನು ಕಟ್ಟೆಯ ಮೇಲೆ ಕುಕ್ಕರಿಸಿದೆ.

"ಅಡುಗೆಮನೇಲೇ ಇದ್ದೆ ಕಣೆ. ಅಪ್ಪಂಗೆ ಕಾಫಿ ತರ್ತಿದ್ದೆ" ಎಂದಳು. "ಆಮೇಲೆ ಕಾಫಿ ಅಮ್ಮನ ಕೈಲಿ ಕೊಟ್ಟು ಕಳ್ಸಿದೆ."

"ಮತ್ತೆ ಆ ಹದಿನಾಲ್ಕು ಚಿತ್ರ? ಅಷ್ಟು ಗೊತ್ತಿದ್ದೂ ಯಾಕೆ ಬರೆದುಕೊಟ್ಟೆ?"

"ಚಿತ್ರ ಇದೆಯಾ ನಿನ್ನ ಫೋನಲ್ಲಿ?"

ತೆಗೆದು ತೋರಿಸಿದೆ. ಅವಳ ಕೈ ಅಂಟಾದ್ದರಿಂದ ಫೋನನ್ನು ನಾನೇ ಅವಳ ಮುಖದ ಮುಂದೆ ಹಿಡಿದಿದ್ದೆ. "ದೊಡ್ಡದು ಮಾಡು" ಎಂದಳು. ಮಾಡಿದೆ. ಬಹಳ ಹೊತ್ತು ನೋಡಿದಳು.

"ನೀನು ಬಾಟನಿ ಓದಿದೋಳು, ಜೀವಮಾನವೆಲ್ಲ ಅದನ್ನೇ ಪಾಠ ಮಾಡಿದೋಳು. ದಾಸವಾಳಕ್ಕೆ ಎಷ್ಟು ಎಸಳು?"

"ಐದು."

"ಎಣಿಸು."

ಎಣಿಸಿದೆ. ಇನ್ನೊಮ್ಮೆ ಎಣಿಸಿದೆ. ಬೆರಳಿಟ್ಟು ಒಂದೊಂದೇ ಎಸಳನ್ನು ದಾಟುತ್ತ ಮೂರನೇ ಸಲ ಎಣಿಸಿದೆ. ಆರಿತ್ತು. ಮರೆಯಲ್ಲಿ ಅಡಗಿಸಿದ್ದೂ ಅಲ್ಲ; ಬಲಗಡೆ, ಉಳಿದವಕ್ಕೆ ಸಮನಾಗಿ ಅಗಲವಾಗಿ ಬಿಚ್ಚಿಕೊಂಡಿತ್ತು. ಅದೇ ಪುಟದ ಎದುರಿಗೆ ನನ್ನ ಕೈಬರಹದಲ್ಲಿ ಎಸಳು ಐದು ಎಂದು ಬರೆದಿದ್ದೇನೆ. ಮೂಲೆಯಲ್ಲಿ ಕೆಂಪು ಟಿಕ್.

"ಅದು ಕೊನೇ ಚಿತ್ರ" ಎಂದಳು ಅಕ್ಕ. "ನಿಮ್ಮ ಮೇಷ್ಟ್ರು ನೋಡ್ತಾರೆ, ಇದೇನು ಅಂತ ನಿನ್ನ ಎಲ್ಲರ ಮುಂದೆ ನಿಲ್ಲಿಸಿ ಕೇಳ್ತಾರೆ, ನೀನು ಅಳ್ತಾ ಮನೆಗೆ ಬರ್ತೀಯ ಅಂತ ಕಾದೆ. ನೀನು ಪೂರ್ತಿ ಮಾರ್ಕ್ಸ್ ಬಂತು ಅಂತ ಕುಣೀತಾ ಬಂದೆ. ಅವರೂ ನೋಡ್ಲಿಲ್ಲ, ನೀನೂ ನೋಡ್ಲಿಲ್ಲ. ಇಷ್ಟೇನಾ ಅನ್ನಿಸ್ತು. ಯಾರೂ ನೋಡ್ದೇ ಇರೋದನ್ನ ಯಾಕೆ ಬರೀಬೇಕು ಅಂತ ಬಿಟ್ಟೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ನಾನು ಅತ್ತೆ. ಅವಳು ಅಂಟು ಕೈಯಿಂದ ಮುಟ್ಟಲಾರದೆ ಮೊಣಕೈಯಿಂದ ನನ್ನ ಭುಜವನ್ನು ತಿವಿದಳು.

"ನಾಳೆ ಚೀಟೀಲಿ ನಿನ್ನ ಹೆಸರು ಹಾಕಿಸ್ತೀನಿ" ಎಂದೆ.

"ಬೇಡ. ಆ ತಪ್ಪು ನಾನು ನಿನಗೋಸ್ಕರಾನೇ ಬರೆದಿದ್ದು. ನಿನ್ನ ಹೆಸರೇ ಇರ್ಲಿ. ಅದರ ಪಕ್ಕ ನಿಂತ್ಕೊಂಡು ನೋಡು ಒಂದ್ಸಲ."

ಹಲಸಿನ ತೊಳೆಯನ್ನು ಒಂದು ಡಬ್ಬಿಗೆ ತುಂಬಿ ಕಟ್ಟಿಕೊಟ್ಟಳು. ನಾನು ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಅವಳು ಹೇಳಿದ ಹಾಗೇ ಕೇಳುವುದೆಂದು ನಿರ್ಧಾರ ಮಾಡಿದ್ದೆ. ಅಷ್ಟಾದರೂ ಕೇಳಬೇಕಿತ್ತು.

ಶನಿವಾರ ಬೆಳಗ್ಗೆ ಊಟದ ಹಾಲಿನ ಬಾಗಿಲಿಗೆ ಎದುರಾಗಿ ಅಕ್ಕನ ದಾಸವಾಳ, ಕೆಳಗೆ ನನ್ನ ಹೆಸರು, ಪಕ್ಕದಲ್ಲಿ ನಾನು. ಜನ ಚೆನ್ನಾಗಿ ಬಂದರು. ನನ್ನ ಹಳೆಯ ವಿದ್ಯಾರ್ಥಿಗಳು ಬಂದರು, ಅವರ ಮಕ್ಕಳನ್ನೂ ಕರೆದುಕೊಂಡು ಬಂದರು. "ಮೇಡಂ, ನೀವು ಬೋರ್ಡ್ ಮೇಲೆ ಬರೀತಿದ್ದಿದ್ದು ನೋಡಿ ನಾವು ನಗ್ತಿದ್ವಿ, ನಿಮ್ಮ ಕೈಲಿ ಇಂಥದ್ದಿತ್ತಾ?" ಎಂದು ಒಬ್ಬಳು ಕಾಲು ಮುಟ್ಟಲು ಬಾಗಿದಳು. ನಾನು ಹಿಂದಕ್ಕೆ ಸರಿದೆ. ಒಬ್ಬರು ಅದರ ಪಕ್ಕ ನನ್ನನ್ನು ನಿಲ್ಲಿಸಿ ಫೋಟೊ ತೆಗೆದರು. ಎಲೆಯ ತೂತನ್ನು ಮೆಚ್ಚಿದರು, ಎಸಳಿನ ಸುಕ್ಕನ್ನು ಮೆಚ್ಚಿದರು. ಹೂ ನೋಡಬೇಕು, ಹೂ ನೋಡಬೇಕು ಎಂದು ನಮಗೆ ಪಾಠ ಹೇಳುವ ಹುಡುಗಿಯೇ ಎಷ್ಟು ಸಲ ಅದರ ಮುಂದೆ ಹಾದುಹೋದಳೋ. ಯಾರೂ ಎಣಿಸಲಿಲ್ಲ.

ಎಣಿಸಿ, ಎಣಿಸಿ ಎಂದು ನನ್ನೊಳಗೆ ಯಾರೋ ಕೂಗಿದ ಹಾಗೆ ಆಗುತ್ತಿತ್ತು. ಯಾರಾದರೂ ಹತ್ತಿರ ಬಂದು ಬಗ್ಗಿದರೆ ಸಾಕು, ಅವರ ಕಣ್ಣನ್ನೇ ನೋಡುತ್ತಿದ್ದೆ. ಅವರು ಬಗ್ಗಿ ನೋಡಿ, ಚೆನ್ನಾಗಿದೆ ಎಂದು ಮುಂದೆ ಹೋಗುತ್ತಿದ್ದರು. ಸಂಜೆಯ ಹೊತ್ತಿಗೆ ನನಗೆ ಹೊಗಳಿಕೆ ಬೈಗುಳದ ಹಾಗೆ ಕೇಳತೊಡಗಿತು. ಅಕ್ಕ ಯಾಕೆ ನಿಂತು ನೋಡು ಎಂದಳೆಂದು ಆಗ ತಿಳಿಯಿತು. ನಾನು ಒಂದು ದಿನ ಕಾದದ್ದಕ್ಕೇ ಹೀಗಾಗಿದ್ದೆ.

ಭಾನುವಾರ ಮಧ್ಯಾಹ್ನ ಮಳೆ ಹಿಡಿದಿತ್ತು. ಜನ ಕಡಿಮೆ. ಕನ್ನಡಕದ ಹಿರಿಯರೊಬ್ಬರು ದಾಸವಾಳದ ಮುಂದೆ ನಿಂತು ನನ್ನನ್ನು ಮಾತಾಡಿಸುತ್ತಿದ್ದರು. ಆಗ ಬಾಗಿಲಲ್ಲಿ ಛತ್ರಿ ಮಡಚುತ್ತ ಅಕ್ಕ ಒಳಗೆ ಬಂದಳು. ಬರುತ್ತೇನೆಂದು ಹೇಳಿರಲಿಲ್ಲ. ಮದುವೆ ಮನೆಗೆ ಉಡುವ ಸೀರೆ ಉಟ್ಟಿದ್ದಳು. ನೆಟ್ಟಗೆ ಬಂದು ಆ ಹಿರಿಯರ ಪಕ್ಕದಲ್ಲಿ, ಯಾರೋ ನೋಡಲು ಬಂದವಳಂತೆ ಚಿತ್ರದ ಮುಂದೆ ನಿಂತಳು. ಇಷ್ಟು ವರ್ಷದ ನಂತರ ಅವಳು ಅದನ್ನು ಮುಖಾಮುಖಿ ನೋಡುತ್ತಿದ್ದಳು.

"ಎಂಥಾ ಕೈಯಮ್ಮ ನಿಮ್ಮದು" ಎಂದರು ಹಿರಿಯರು ನನಗೆ.

"ನನ್ನ ಕೈಯಲ್ಲ ಸರ್" ಎಂದೆ. ನನ್ನದು ಮೇಷ್ಟರ ಗಂಟಲು, ಹಾಲಿನ ತುದಿಯ ತನಕ ಕೇಳಿಸಿತು. "ಇದು ನಾನು ಬರೆದದ್ದಲ್ಲ. ನಮ್ಮಕ್ಕ ಬರೆದದ್ದು. ಇವಳೇ."

ಕಲಿಸುವ ಹುಡುಗಿ ಕಾಫಿ ಲೋಟ ಹಿಡಿದು ಅಲ್ಲೇ ನಿಂತಳು. ಅಕ್ಕನ ಮುಖ ಕೆಂಪಾಯಿತು. ಸೆರಗನ್ನು ಎಳೆದುಕೊಂಡು, ಆ ಹಿರಿಯರ ಕಡೆ ಬಗ್ಗಿ, ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಒಪ್ಪಿಕೊಳ್ಳುವವಳಂತೆ ಮೆಲ್ಲಗೆ ಹೇಳಿದಳು.

"ಅದರಲ್ಲಿ ಒಂದು ಎಸಳು ಜಾಸ್ತಿ ಇದೆ. ಬೇಕು ಅಂತ್ಲೇ ಬರೆದಿದ್ದು."

ಅವರು ಕನ್ನಡಕ ಸರಿಮಾಡಿಕೊಂಡು, ಗಾಜಿಗೆ ಬೆರಳು ತಾಗದಂತೆ ಹಿಡಿದು, ಒಂದೊಂದಾಗಿ ಎಣಿಸಿದರು. ಅಕ್ಕ ಅವರ ಬೆರಳನ್ನೇ ನೋಡುತ್ತಿದ್ದಳು. "ಹೌದಲ್ಲ, ಆರಿದೆ" ಎಂದರು. "ಬೇಕು ಅಂತ ಯಾಕಮ್ಮ ಹಾಗೆ?"

ಅಕ್ಕ ನನ್ನ ಕಡೆ ತಿರುಗಿದಳು. ಸುತ್ತ ನಾಲ್ಕಾರು ಜನ ಸೇರಿದ್ದರು.

"ನಾನು ನಮ್ಮಪ್ಪನ ಹತ್ರ ಒಂದು ಸುಳ್ಳು ಹೇಳಿದ್ದೆ" ಎಂದೆ. "ಇವಳಿಗೆ ಚಿತ್ರ ಕಲಿಯೋ ಆಸೆ ಅಷ್ಟೇನಿಲ್ಲ ಅಂತ."

ಅಕ್ಕ ಮತ್ತೆ ಚಿತ್ರದ ಕಡೆ ನೋಡಿದಳು.

"ಇತ್ತು" ಎಂದಳು. "ತುಂಬ ಇತ್ತು."